ಹುಣಸೆಹಣ್ಣಿನ ಯುಗಾದಿ, ಕಡಲೆಕಾಯಿಯ ಕ್ರಿಸ್ಮಸ್

ನಮ್ಮ ಸೀಮೆ ಚರಿತ್ರೆ ಅಂದ ಕೂಡಲೆ ಎಲ್ಲರೂ ಕೋಟೆ, ಪಾಳೇಗಾರರು ಅಂತ ಶುರು ಮಾಡ್ತಾರೆ. ಹಿಂದೂಪುರವನ್ನು ಗುತ್ತಿಯ ಮುರಾರಿರಾಯ ತನ್ನ ತಂದೆ ಹಿಂದೂರಾಯನ ಹೆಸರಲ್ಲಿ ಕಟ್ಟಿಸಿದ ಅಂತಾರೆ. ಕಲ್ಯಾಣದುರ್ಗಕ್ಕೆ ಕಲ್ಯಾಣಪ್ಪ ಅನ್ನೋ ಬೋಯ ಪಾಳೇಗಾರನ ಹೆಸರು ಬಂತು ಅಂತಾರೆ. ಅದನ್ನು ಓದಿದವರು ಬರೆಯಲಿ. ಏಳನೇ ಕ್ಲಾಸು ಓದಿದ ನಾನು ಬರೆಯೋದು ಹಬ್ಬದ ಬಟ್ಟೆ ಚರಿತ್ರೆ. ಮನೇಲಿ ಎಂಟು ಜನ, ಕೈಯಲ್ಲಿ ನಾಲ್ಕು ಕಾಸು, ಸಂತೇಲಿ ನೂರು ಅಂಗಡಿ. ಯಾರಿಗೆ ಏನು ತರೋದು? ಇದು ಮುರಾರಿರಾಯನ ಕಾಲದಲ್ಲೂ ಇತ್ತು, ಈಗಲೂ ಐತೆ.

ಮೊದಲು ದಾರಿ ವಿಷಯ ಹೇಳಿಬಿಡ್ತೀನಿ. ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ನೇರ ಹೋಗಬೇಕಾದರೆ ಮಡಕಶಿರ ದಾಟಿ, ಕರ್ನಾಟಕದ ಪಾವಗಡ ದಾಟಿ, ಮತ್ತೆ ಆಂಧ್ರಕ್ಕೆ ಬರಬೇಕು. ಒಂದೇ ದಿನ ಎರಡು ರಾಜ್ಯದ ಬಸ್ಸು ಹತ್ತಿ ಇಳೀತೀವಿ. ಮನೇಲಿ ಕನ್ನಡ, ಕಛೇರೀಲಿ ತೆಲುಗು, ಸಂತೇಲಿ ಎರಡೂ. 2022ರ ಏಪ್ರಿಲ್‌ನಲ್ಲಿ ಜಿಲ್ಲೆ ಒಡೆದ ಮೇಲೆ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯ್ತು, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳೀತು. ಸಂತೆಗೆ ಹೋಗೋರಿಗೆ ಜಿಲ್ಲೆ ಯಾವುದಾದರೇನು, ಬಸ್ ಚಾರ್ಜು ಎಷ್ಟು ಅನ್ನೋದೇ ಲೆಕ್ಕ.

ಹಬ್ಬ ಪಂಚಾಂಗದಲ್ಲಿ ಬರ್ತದೆ, ಬಟ್ಟೆ ಮಾತ್ರ ಬೆಳೆ ಜತೇಲಿ ಬರ್ತದೆ. ಈ ಮಾತು ಹಿಡಕೊಂಡರೆ ನಮ್ಮ ಕಡೆ ಉಡುಗೊರೆ ಚರಿತ್ರೆ ಅರ್ಧ ತಿಳಿದಂಗೆ. ಇಲ್ಲಿ ಮಳೆ ವರ್ಷಕ್ಕೆ 550 ಮಿಲಿಮೀಟರ್ ಆಜುಬಾಜು, ಅದೂ ಬಂದರೆ. ಮಾಘ ಪಾಲ್ಗುಣದಲ್ಲಿ ಹುಣಸೆ ಉದುರ್ತದೆ. ಹೆಂಗಸರು ಪಡಸಾಲೇಲಿ ಕೂತು ಬಡಿಗೇಲಿ ಕುಟ್ಟಿ ಬೀಜ ತೆಗೀತಾರೆ. ಹಿಂದೂಪುರದ ಹುಣಸೆ ಮಾರುಕಟ್ಟೆ ಎಲ್ಲಾ ಕಡೆ ಹೆಸರಾದದ್ದು. ಅಲ್ಲಿಗೆ ಮೂಟೆ ಹೋದರೆ ಯುಗಾದಿಗೆ ಒಂದಿಷ್ಟು ಕಾಸು. ಹಂಗಾಗಿ ಮರ ಇದ್ದವರಿಗೂ ಬೀಜ ಬಿಡಿಸೋರಿಗೂ ಯುಗಾದಿ ಹೊಸ ಬಟ್ಟೆ ಹಬ್ಬ.

ದೀಪಾವಳಿ ಕಷ್ಟದ ಹಬ್ಬ. ಕಡಲೆಕಾಯಿ ಇನ್ನೂ ಹೊಲದಲ್ಲೇ ಇರ್ತದೆ, ಇಲ್ಲಾ ಆಗಷ್ಟೆ ಕಿತ್ತು ಮೆದೆ ಹಾಕಿರ್ತಾರೆ. ಕಾಸು ಬಂದಿರಲ್ಲ. ಆವಾಗ ಬರ್ತಿದ್ದನು ಗಂಟು ಹೊತ್ತ ಬಟ್ಟೆ ವ್ಯಾಪಾರಿ. ಜಗಲಿ ಮೇಲೆ ಗಂಟು ಬಿಚ್ಚಿದ ಅಂದರೆ ಬೀದಿ ಹೆಂಗಸರೆಲ್ಲಾ ಸೇರ್ತಿದ್ದರು. ಉದ್ದರಿ ಕೊಡ್ತಿದ್ದ. 'ಕಾಯಿ ಮಾರಿದ ಮೇಲೆ ಕೊಡ್ರಿ' ಅಂತಿದ್ದ. ಕಾಯಿ ಮಾರೋ ಹೊತ್ತಿಗೆ ಹತ್ತು ರೂಪಾಯಿ ಸೀರೆ ಹದಿಮೂರು ಆಗಿರೋದು. ಆದರೂ ಅವನನ್ನು ಬಯ್ಯೋದಕ್ಕೆ ನನಗೆ ಮನಸ್ಸು ಬರಲ್ಲ. ಬರದ ವರ್ಷ ನಮ್ಮ ಮನೆ ಬಾಗಿಲಿಗೆ ಬಂದು ಗಂಟು ಬಿಚ್ಚಿದವನು ಅವನೊಬ್ಬನೇ.

ಹಿಂದಿನೋರು ಬಟ್ಟೇನ ಯಾಕೆ ಅಷ್ಟು ದೊಡ್ಡದು ಮಾಡ್ತಿದ್ದರು ಅನ್ನೋದಕ್ಕೆ ಕಾರಣ ಐತೆ. 1876ರಿಂದ 78ರವರೆಗಿನ ಧಾತು ಈಶ್ವರ ಬರದ ಕತೆ ನನ್ನ ಅಜ್ಜಿ ತನ್ನ ಅತ್ತೆ ಬಾಯಿಂದ ಕೇಳಿದ್ದಳು. ಆ ಬರದಲ್ಲಿ ಸರ್ಕಾರದ ಕೆಲಸಕ್ಕೆ ಹೋದ ಗಂಡಾಳಿಗೆ ದಿನಕ್ಕೆ ಒಂದು ರಾತ್ಲು ಧಾನ್ಯ, ಒಂದಾಣೆ ಕೂಲಿ ಅಂತ ಇಳಿಸಿದ್ದರು. ಅದರಲ್ಲಿ ಹೊಟ್ಟೆಯೇ ತುಂಬದು, ಇನ್ನು ಬಟ್ಟೆ ಎಲ್ಲಿ? ಆಮೇಲೆ 1890ರ ದಶಕದಲ್ಲಿ ಗುಂತಕಲ್ಲಿನಿಂದ ಹಿಂದೂಪುರದ ಮೇಲೆ ಬೆಂಗಳೂರಿಗೆ ರೈಲು ಬಂತು. ರೈಲಿನಲ್ಲಿ ನಮ್ಮ ಬೆಲ್ಲ, ಹುಣಸೆ ಹೋದವು, ಮಿಲ್ಲಿನ ಬಟ್ಟೆ ಬಂತು. ಕಲ್ಯಾಣದುರ್ಗದ ಕಡೆಗೆ ರೈಲು ಬಂದದ್ದು ಮೊನ್ನೆ ಮೊನ್ನೆ. ಅದಕ್ಕೇ ಆ ಕಡೆ ಮಗ್ಗದ ಬಟ್ಟೆ, ಕುರುಬರ ಕಂಬಳಿ ಬಹಳ ದಿನ ನಿಂತವು ಅಂತ ನನ್ನ ಅನಿಸಿಕೆ. ಕರಿ ಕಂಬಳಿ ಒಂದು ತಂದುಕೊಟ್ಟರೆ ಮುದುಕರಿಗೆ ಹತ್ತು ವರ್ಷ ಸಾಕು. ಮಳೇಲಿ ಗೊಪ್ಪೆ, ಚಳೀಲಿ ಹೊದಿಕೆ, ಕಣದಲ್ಲಿ ಹಾಸಿಗೆ. ಬಡವನ ಉಡುಗೊರೇಲಿ ಅದಕ್ಕೆ ಸಮ ಇನ್ನೊಂದಿಲ್ಲ.

ದೊಡ್ಡ ಯುದ್ಧದ ಕಾಲದಲ್ಲಿ, 1943ರ ಮೇಲೆ, ಬಟ್ಟೆಗೂ ಕಂಟ್ರೋಲು ಬಂತು. ನಮ್ಮಪ್ಪ ಹೇಳೋರು: ಕಂಟ್ರೋಲ್ ಬಟ್ಟೆಗೆ ಬೆಳಗಿನ ಜಾವ ಹೋಗಿ ಸಾಲು ನಿಂತು ಸಿಕ್ಕಿದ್ದನ್ನು ತಂದು, ಮದುವೆ ಗಂಡಿಗೆ ಪಂಚೆ, ಅದರ ತುಂಡಿನಲ್ಲೇ ತಮ್ಮನಿಗೆ ಅಂಗಿ. ಬಣ್ಣ ಆರಿಸೋ ಮಾತೇ ಇಲ್ಲ. 'ಕಂಟ್ರೋಲ್' ಅನ್ನೋ ಮಾತು ನಮ್ಮೂರಲ್ಲಿ ಇನ್ನೂ ಐತೆ, ರೇಷನ್ ಅಂಗಡಿಗೆ ಮುದುಕರು ಅದನ್ನೇ ಅಂತಾರೆ.

ಈಗ ನಾನು ಕಂಡದ್ದು. 1972ರ ಬರದಾಗ ನಾನು ಹನ್ನೆರಡು ಹದಿಮೂರು ವರ್ಷದವನು. ಅಪ್ಪ ಒಂದು ಟಗರು ಮಾರಿ ಹಿಂದೂಪುರಕ್ಕೆ ನನ್ನನ್ನು ಕರಕೊಂಡು ಹೋದರು. ಮನೆಯಿಂದ ಹೊರಡುವಾಗ ಅಮ್ಮ ಒಂದು ದಾರ ಕೊಟ್ಟಿದ್ದಳು. ಅದರಲ್ಲಿ ಐದು ಗಂಟು. ಒಂದೊಂದು ಗಂಟು ಒಂದೊಂದು ಮಗುವಿನ ಎತ್ತರ. ಅಂಗಡಿಯವನ ಮುಂದೆ ಅಪ್ಪ ದಾರ ಹಿಡಿದು ಬಟ್ಟೆ ಅಳೆಸಿದರು. ಎಲ್ಲಾ ಗಂಡು ಹುಡುಗರಿಗೂ ಒಂದೇ ಥಾನಿನ ಬಟ್ಟೆ, ಯಾಕಂದರೆ ಒಟ್ಟಿಗೆ ಕತ್ತರಿಸಿದರೆ ತುಂಡು ಉಳೀತದೆ, ಉಳಿದ ತುಂಡಿನಲ್ಲಿ ಸಣ್ಣವನಿಗೊಂದು ಚಡ್ಡಿ ಆಗ್ತದೆ. ದೊಡ್ಡಕ್ಕ ಆಗಲೇ ಕೊಟ್ಟ ಹೆಣ್ಣು. ತವರಿನ ಸೀರೆ ತಪ್ಪಿಸೋಹಂಗಿಲ್ಲ. ನಮ್ಮ ರಾಗಿ ಬೀಸೋ ಪದಗಳಲ್ಲಿ ಅರ್ಧಕ್ಕರ್ಧ ಅಣ್ಣ ಸೀರೆ ತರ್ತಾನಾ ಇಲ್ಲವಾ ಅನ್ನೋ ದಾರಿ ಕಾಯೋದೇ. ಅಕ್ಕನ ಸೀರೆ ತಗೊಂಡ ಮೇಲೆ ಅಪ್ಪ ದುಡ್ಡು ಎಣಿಸಿದರು, ಮತ್ತೆ ಎಣಿಸಿದರು. ಅಮ್ಮನಿಗೆ ಅಂತ ಒಂದು ಡಜನ್ ಬಳೆ ತಗೊಂಡರು. ತಮಗೆ ಅಂತ ಒಂದು ಕಟ್ಟು ಬೀಡಿ. ಮನೇಲಿ ಗಂಟು ಬಿಚ್ಚಿದಾಗ ಅಮ್ಮ ಎಲ್ಲರ ಬಟ್ಟೇನೂ ಮೂಸಿ ನೋಡಿ, ಬಳೆ ಇಟ್ಟುಕೊಂಡು, 'ನನಗೆ ಸೀರೆ ಐತಲ್ಲ' ಅಂದಳು. ಇದ್ದದ್ದು ಎರಡು. ಒಂದು ಉಟ್ಟದ್ದು, ಒಂದು ಒಗೆದದ್ದು.

ಇನ್ನೊಂದು ಮಾತು ಬರೀಲೇಬೇಕು, ಬರೆಯೋದಕ್ಕೆ ಮುಜುಗರ ಆಗ್ತದೆ. ಆ ದಿನ ಅಪ್ಪ ಅಗ್ಗದ ದಪ್ಪ ಬಟ್ಟೆ ಒಂದು ತುಂಡು ಬೇರೆ ತಗೊಂಡಿದ್ದರು. ಅದು ನಮ್ಮ ಕುರಿ ಕಾಯೋ ಹುಡುಗನಿಗೆ. ನನ್ನ ವಯಸ್ಸಿನವನೇ. ಅವನಪ್ಪ ಮಾಡಿದ ಸಾಲಕ್ಕೆ ನಮ್ಮ ಮನೇಲಿ ಜೀತಕ್ಕಿದ್ದ. ನಮ್ಮದೂ ಎಂಟೆಕರೆ ಖುಷ್ಕಿ ಅಷ್ಟೆ, ಗೌಡಿಕೆಯೇನಲ್ಲ. ಆದರೂ ಜೀತದವನನ್ನು ಇಟ್ಟುಕೊಂಡಿದ್ದೆವು. ಅವನಿಗೆ ವರ್ಷಕ್ಕೊಂದು ಜತೆ ಬಟ್ಟೆ, ಯುಗಾದಿ ದಿನ ಅಂಗಳದಲ್ಲಿ ನಿಲ್ಲಿಸಿ ಕೊಡೋದು ವಾಡಿಕೆ. ಅವನು ಉಟ್ಟುಕೊಂಡು ಬಂದು ಕೈ ಮುಗೀಬೇಕು. ನಾವು ಅದನ್ನು ಉಡುಗೊರೆ ಅಂತಲೇ ಅಂದುಕೊಂಡಿದ್ದೆವು. 1976ರಲ್ಲಿ ಜೀತ ರದ್ದು ಮಾಡೋ ಕಾನೂನು ಬಂತು. ಅವನು ಬಿಟ್ಟು ಹೋದ. ಬಾವಿ ತೋಡೋ ಕೆಲಸ, ಆಮೇಲೆ ಕಲ್ಯಾಣದುರ್ಗದ ಕಡೆ ಕಡಲೆಕಾಯಿ ಕೀಳೋ ಗುಂಪಿನ ಮೇಸ್ತ್ರಿ. ಅಷ್ಟರಲ್ಲಿ ಅವರ ಕೇರಿ ಬಹಳ ಮನೆಗಳು ಏಸುಸ್ವಾಮಿ ಮಂದಿರಕ್ಕೆ ಹೋಗೋಕೆ ಶುರು ಮಾಡಿದ್ದವು. ಈ ಮತ ನಮ್ಮ ಸೀಮೆಗೆ ನಿನ್ನೆ ಬಂದದ್ದಲ್ಲ. 1810ರಲ್ಲೇ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲ್ಲನ್ನು ಕನ್ನಡಕ್ಕೆ ತಂದ. ಆಗ ನಾವೆಲ್ಲಾ ಬಳ್ಳಾರಿ ಜಿಲ್ಲೆಯವರೇ, ಅನಂತಪುರ ಬೇರೆ ಆದದ್ದು 1882ರಲ್ಲಿ.

ಕ್ರಿಸ್ಮಸ್ಸು ಬರೋದು ಡಿಸೆಂಬರ್ 25ಕ್ಕೆ. ಮುಂಗಾರಿನಲ್ಲಿ ಬಿತ್ತಿದ ಕಡಲೆಕಾಯಿ ಅಕ್ಟೋಬರ್ ನವೆಂಬರಿಗೆ ಕೀಳ್ತಾರೆ. ಆಮೇಲೆ ಬಳ್ಳಿಯಿಂದ ಕಾಯಿ ಬಿಡಿಸೋ ಕೆಲಸ ತಿಂಗಳುಗಟ್ಟಲೆ. ಕೂಲಿ ಹೆಂಗಸರಿಗೆ ವರ್ಷದಲ್ಲಿ ಕೈತುಂಬಾ ಕೆಲಸ ಇರೋದು ಆವಾಗಲೇ. ಹೊಲ ಇದ್ದ ನಮಗೆ ಕಾಯಿ ಮಾರಿದ ದುಡ್ಡು ಸಾಲಕ್ಕೆ ಹೋಗ್ತಿತ್ತು. ಹೊಲ ಇಲ್ಲದ ಅವರಿಗೆ ಆ ಕೂಲಿ ದುಡ್ಡು, ಸ್ವಲ್ಪವೇ ಆಗಲಿ, ನೇರ ಸೀರೆ ಸೆರಗಿನ ಗಂಟಿಗೆ. ಹಂಗಾಗಿ ಕ್ರಿಸ್ಮಸ್ ಅವರಿಗೆ ತಾವೇ ದುಡಿದು ತಾವೇ ಅಂಗಡಿ ಹತ್ತಿ ಬಟ್ಟೆ ತರೋ ಹಬ್ಬ ಆಯ್ತು. ಆ ಗೆಳೆಯ ಒಂದು ಸಲ ನನ್ನ ಹತ್ತಿರ ಅಂದ: 'ನಿಮ್ಮಪ್ಪ ಕೊಟ್ಟ ಬಟ್ಟೆ ಚೆನ್ನಾಗೇ ಇತ್ತಪ್ಪ. ಆದರೆ ಅದನ್ನು ಹಾಕ್ಕೊಂಡ ದಿನ ಕೈ ಮುಗಿಯೋದಿತ್ತು. ನನ್ನ ಮಗಳಿಗೆ ನಾನು ತಂದ ಲಂಗ ಅಗ್ಗದ್ದು, ಆದರೆ ಅವಳು ಯಾರಿಗೂ ಕೈ ಮುಗೀಬೇಕಾಗಿಲ್ಲ.' ನಾನು ಏನೂ ಹೇಳಲಿಲ್ಲ. ಆ ವರ್ಷದಿಂದ ಕ್ರಿಸ್ಮಸ್ ಹಿಂದಿನ ರಾತ್ರಿ ಅವರ ಭಜನೆ ಗುಂಪಿನ ಜತೆ ದಮ್ಮಡಿ ಬಡಿಯೋಕೆ ಹೋಗ್ತೀನಿ. ಬಿದಿರು ಕಡ್ಡಿಗೆ ಬಣ್ಣದ ಕಾಗದ ಅಂಟಿಸಿದ ನಕ್ಷತ್ರ ಮುಂದೆ, ನಾವು ಹಿಂದೆ.

ಸರ್ಕಾರದ ಉಡುಗೊರೆಯ ಮಾತೂ ಬರಲಿ. 1983ರಲ್ಲಿ ಎನ್.ಟಿ. ರಾಮರಾವ್ ಮುಖ್ಯಮಂತ್ರಿ ಆದರು. ಆಮೇಲೆ 1985, 1989, 1994 ಮೂರು ಸಲವೂ ನಮ್ಮ ಹಿಂದೂಪುರದಿಂದಲೇ ಗೆದ್ದರು. ಎರಡು ರೂಪಾಯಿಗೆ ಕಿಲೋ ಅಕ್ಕಿ ಎಲ್ಲರಿಗೂ ನೆನಪೈತೆ. ಅರ್ಧ ಬೆಲೆಗೆ ಜನತಾ ಸೀರೆ, ಪಂಚೆ ಕೊಟ್ಟದ್ದು ಬಹಳ ಜನ ಮರೆತಿದಾರೆ. ನಮ್ಮಮ್ಮ ಮರೀಲಿಲ್ಲ. ಯಾಕಂದರೆ ಎಷ್ಟೋ ವರ್ಷದ ಮೇಲೆ ಅವಳಿಗೇ ಅಂತ ಮನೆಗೆ ಬಂದ ಹೊಸ ಸೀರೆ ಅದು. ಕಾರ್ಡು ಅವಳ ಕೈಲಿ, ಅವಳೇ ಹೋಗಿ ತಂದಳು. ಒರಟು ನೂಲು, ಒಂದೇ ಅಂಚು, ಊರಲ್ಲಿ ಹತ್ತು ಹೆಂಗಸರು ಒಂದೇ ಥರ. ಹುಡುಗರು ನಗ್ತಿದ್ದರು. ಅವಳು ಮಾತ್ರ ಜಾತ್ರೆಗೂ ಅದನ್ನೇ ಉಟ್ಟಳು.

ಅದೇ ಕಾಲದಲ್ಲಿ ಪಾಲಿಯೆಸ್ಟರು ಬಂತು. ಮಗ್ಗದವರ ಹೊಟ್ಟೆಗೆ ಕಲ್ಲು ಬಿತ್ತು ನಿಜ. ಆದರೆ ಕೂಲಿ ಹೆಂಗಸಿನ ಲೆಕ್ಕ ಕೇಳಿ: ನೂಲಿನ ಸೀರೆ ಹೊಲದಲ್ಲಿ ಒಂದು ವರ್ಷ ಬಂದರೆ ಇದು ಮೂರು ವರ್ಷ ಬರ್ತದೆ, ಒಗೆದರೆ ಗಳಿಗೇಲಿ ಒಣಗ್ತದೆ. ಎರಡೇ ಸೀರೆ ಇದ್ದವಳಿಗೆ ಅದೇ ದೊಡ್ಡ ಉಪಕಾರ. ಈಗ ಕಲ್ಯಾಣದುರ್ಗದವರಿಗೆ ರಾಯದುರ್ಗ ಪಕ್ಕದಲ್ಲೇ. ಅಲ್ಲಿ ಮನೆ ಮನೇಲೂ ಮಿಷನ್ ಇಟ್ಟು ಜೀನ್ಸ್ ಪ್ಯಾಂಟು ಹೊಲೀತಾರೆ. ಹೊಲಿಗೇಲಿ ಸಣ್ಣ ತಪ್ಪಿದ್ದ ಪ್ಯಾಂಟನ್ನು ಅಗ್ಗಕ್ಕೆ ತಂದು ಹಬ್ಬಕ್ಕೆ ಮಕ್ಕಳಿಗೆ ಕೊಡೋರನ್ನು ನಾನೇ ಕಂಡಿದೀನಿ. ತಪ್ಪು ಎಲ್ಲೈತೆ ಅಂತ ಹುಡುಕಿದರೂ ಕಾಣಲ್ಲ.

ಇಷ್ಟೆಲ್ಲಾ ಆದರೂ ನಮ್ಮ ಕಡೆ ದೊಡ್ಡ ಬದಲಾವಣೆ ತಂದದ್ದು ಹೆಂಗಸರ ಸಾರಾಯಿ ವಿರೋಧ, ಆಮೇಲೆ ಪೊದುಪು ಸಂಘ. ಸಂತೆಗೆ ಹೋದ ಗಂಡಸಿನ ಹಬ್ಬದ ದುಡ್ಡು ಸಾರಾಯಿ ಅಂಗಡೀಲಿ ಅರ್ಧ ಕರಗ್ತಿತ್ತು. ನೆಲ್ಲೂರು ಕಡೆ ಹೆಂಗಸರು ಎದ್ದರು, 1993ರ ಅಕ್ಟೋಬರ್‌ನಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಬೇರೆ ಹೆಂಡ ಆಮೇಲೆ ಬಂತು, ಆ ಮಾತು ಬೇರೆ. ಅದರ ಹಿಂದೆಯೇ ದಿನಕ್ಕೊಂದು ರೂಪಾಯಿ ಉಳಿಸೋ ಸಂಘಗಳು ಊರೂರಲ್ಲಿ ಆದವು. ತಿಂಗಳಿಗೆ 30 ರೂಪಾಯಿ. ಆ ಪುಸ್ತಕ ಹಿಡಿದ ಮೇಲೆ ಹಿಂದೂಪುರದ ಬಜಾರಿಗೆ ದಾರ ಹಿಡಿದು ಹೋಗೋರು ಅಪ್ಪಂದಿರಲ್ಲ, ಅಮ್ಮಂದಿರು. ಬಸ್ಸಿನಲ್ಲಿ ಹತ್ತು ಜನ ಒಟ್ಟಿಗೆ ಹೋಗಿ ಒಂದೇ ಅಂಗಡೀಲಿ ಹತ್ತು ಮನೆ ಬಟ್ಟೆ ಕೊಂಡರೆ ಬೆಲೆ ಇಳಿಸಲೇಬೇಕು. ಕ್ರಿಸ್ಮಸ್ಸಿಗೂ ಯುಗಾದಿಗೂ ಈಗ ಅದೇ ರೀತಿ. ಕೇರಿಯವರು, ಊರವರು ಒಂದೇ ಸಂಘದಲ್ಲಿದ್ದರೆ ಒಂದೇ ಬಸ್ಸು.

2015ರ ಸಂಕ್ರಾಂತಿಗೆ ಸರ್ಕಾರ ಬಿಳಿ ಕಾರ್ಡಿನವರಿಗೆ ಒಂದು ಚೀಲ ಕೊಟ್ಟಿತು: ತೊಗರಿಬೇಳೆ, ಕಡಲೆ, ಬೆಲ್ಲ, ಗೋಧಿಹಿಟ್ಟು, ಪಾಮ್ ಎಣ್ಣೆ, ತುಪ್ಪ. ಸಂಕ್ರಾಂತಿ ಕಾನುಕ ಅಂದರು. ಆಮೇಲೆ ರಂಜಾನಿಗೆ ತೋಫಾ, ಕ್ರಿಸ್ಮಸ್ಸಿಗೆ ಕ್ರಿಸ್ಮಸ್ ಕಾನುಕ. 2019ರಲ್ಲಿ ಸರ್ಕಾರ ಬದಲಾಗಿ ಅದು ನಿಂತಿತು. ತೆಲುಗಿನಲ್ಲಿ ಕಾನುಕ ಅಂದರೆ ಉಡುಗೊರೆ. ಕನ್ನಡದಲ್ಲಿ ಕಾಣಿಕೆ ಅಂದರೆ ನಾವು ದೇವರಿಗೋ ದೊಡ್ಡವರಿಗೋ ಒಪ್ಪಿಸೋದು. ಒಂದೇ ಮಾತು, ಕೈ ಮಾತ್ರ ತಿರುಗಾಮುರುಗಾ. ಮೊದಲ ಸಲ ಬೋರ್ಡು ಓದಿದಾಗ ನಾವೇ ಸರ್ಕಾರಕ್ಕೇನೋ ಕೊಡಬೇಕು ಅಂತ ನಮ್ಮತ್ತಿಗೆ ಹೆದರಿ ವಾಪಸ್ ಬಂದಿದ್ದಳು. ಆ ವರ್ಷದ ಡಿಸೆಂಬರಿನಲ್ಲಿ ಗೆಳೆಯನ ಮನೆಗೆ ಹೋದಾಗ ಚೀಲದ ಬೆಲ್ಲದಲ್ಲಿ ಪಾಯಸ ಮಾಡಿದ್ದರು. 'ಇದಕ್ಕೆ ಕೈ ಮುಗೀಬೇಕೇನೋ?' ಅಂತ ನಾನು ಕೇಳಿದೆ. 'ಓಟು ಹಾಕಿದೀವಲ್ಲ, ಮುಗಿದಂಗೇ' ಅಂದ.

ಅಮ್ಮ ಹೋದ ಮೇಲೆ ಅವಳ ಪೆಟ್ಟಿಗೇಲಿ ಆ ಜನತಾ ಸೀರೆ ಸಿಕ್ಕಿತು. ನಡುವೆ ಸವೆದಿತ್ತು, ಅಂಚು ಗಟ್ಟಿ ಇತ್ತು. ಐದು ಗಂಟಿನ ದಾರ ಸಿಗಲಿಲ್ಲ, ಹುಡುಕಿದೆವು. ಸೀರೇನ ನನ್ನ ಹೆಂಡತಿ ಇನ್ನು ನಾಲ್ಕು ಹಳೇ ಸೀರೆ ಸೇರಿಸಿ ಕೌದಿ ಹೊಲಿದಳು. ಈಗ ಚಳಿಗಾಲದಲ್ಲಿ ಮೊಮ್ಮಗಳು ಅದನ್ನು ಹೊದ್ದುಕೊಂಡು ಫೋನಿನಲ್ಲಿ ಬಟ್ಟೆ ನೋಡ್ತಾ, 'ತಾತ, ಇದು ಮುನ್ನೂರಕ್ಕೆ ಐತೆ, ಅಮ್ಮನಿಗೆ ತಗೊಳ್ಳಲಾ' ಅಂತ ಕೇಳ್ತಾಳೆ.