ಹಳೇ ಲೆನ್ಸ್ ಎಸೀಬೇಡಿ, ಅಡಾಪ್ಟರ್ ಹಾಕಿ

ಪ್ರತಿಭಟನೆಗಳ ಫೋಟೊ ತೆಗೆಯಲು ಸೆಕೆಂಡ್‌ಹ್ಯಾಂಡ್ ಸೋನಿ ಫುಲ್‌ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ ಕೊಂಡೆ. ಲೆನ್ಸಿಗೆ ದುಡ್ಡು ಉಳಿಯಲಿಲ್ಲ. ಅಪ್ಪನ ಫಿಲ್ಮ್ ಕಾಲದ ನಿಕಾನ್ 50 ಎಂಎಂ ಲೆನ್ಸಿಗೆ ಅಡಾಪ್ಟರ್ ಹಾಕಿದೆ.

ನಿಕಾನ್ ಎಫ್ ಮೌಂಟ್ ಸೆನ್ಸರಿನಿಂದ 46.5 ಮಿ.ಮೀ. ದೂರದಲ್ಲಿರಬೇಕು. ಸೋನಿ ಇ ಮೌಂಟಿನಲ್ಲಿ ನಡುವೆ ಕನ್ನಡಿ ಇಲ್ಲ, ಹಾಗಾಗಿ ದೂರ 18 ಮಿ.ಮೀ. ಮಾತ್ರ. ಉಳಿದ 28.5 ಮಿ.ಮೀ. ತುಂಬುವ ಟೊಳ್ಳು ಉಂಗುರವೇ ಅಡಾಪ್ಟರ್. ಒಳಗೆ ಗಾಜಿಲ್ಲ, ಚಿತ್ರ ಕೆಡಲ್ಲ.

ಕ್ಯಾಮೆರಾಗೆ ಇಂಥ ಲೆನ್ಸ್ ಇರೋದೇ ಗೊತ್ತಾಗಲ್ಲ. ಮೆನುವಿನಲ್ಲಿ ಲೆನ್ಸ್ ಇಲ್ಲದೆಯೂ ಶಟರ್ ಬಿಡುವ ಆಯ್ಕೆ ಆನ್ ಮಾಡಿ. ಆಟೊಫೋಕಸ್ ಇರಲ್ಲ. ತಳ್ಳಾಟದಲ್ಲಿ ರಿಂಗ್ ತಿರುಗಿಸೋಕೆ ಪುರುಸೊತ್ತೆಲ್ಲಿ? ಅದಕ್ಕೇ ಅಪರ್ಚರ್ ಎಫ್8ಕ್ಕಿಟ್ಟು, 5 ಮೀಟರಿಗೆ ಮೊದಲೇ ಫೋಕಸ್ ಮಾಡ್ಕೊಳ್ತೀನಿ; ಸುಮಾರು 3.5ರಿಂದ 9 ಮೀಟರ್‌ವರೆಗೆ ಸ್ಪಷ್ಟವಾಗಿ ಬರುತ್ತೆ.

ಲಾಠಿ ಬೀಸಿದ್ದಕ್ಕೆ ಸಾಕ್ಷಿ ಬೇಕಾದಾಗ ಲೆನ್ಸಿನ ಬೆಲೆ ಯಾರೂ ಕೇಳಲ್ಲ.