ತಿದ್ದಿದವರು ಯಾರು, ತಿದ್ದಿದ್ದು ಯಾವಾಗ?

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಮಾತಿನ ನಡುವೆ ಸರ್ವಜ್ಞನ ತ್ರಿಪದಿ ಬರುವುದು ಸಹಜ. ಹಿರೇಕೆರೂರು ತಾಲ್ಲೂಕಿನ ಅಬಲೂರು ಅವನ ಹುಟ್ಟೂರೆಂಬುದು ಪ್ರತೀತಿ. ಅವನ ಹೆಸರಿನಲ್ಲಿ ಇಂದು ಸುಮಾರು 2000 ವಚನಗಳಿವೆ. ಆದರೆ ಎಲ್ಲವೂ ಅವನವೇ?

ಕೊನೆಗೆ 'ಸರ್ವಜ್ಞ' ಎಂಬ ಅಂಕಿತ ಸೇರಿಸಿದರೆ ಯಾರ ತ್ರಿಪದಿಯಾದರೂ ಅವನದಾಗಬಹುದಿತ್ತು. ಹೇಳುವವರ ಬಾಯಲ್ಲಿ ಪದ ಬದಲಾಯಿತು, ಪ್ರತಿ ಮಾಡುವವರ ಕೈಯಲ್ಲಿ ಸಾಲು ಬದಲಾಯಿತು. ತಿದ್ದಿದವರ ಹೆಸರಾಗಲಿ, ತಿದ್ದಿದ ಕಾಲವಾಗಲಿ, ಕಾರಣವಾಗಲಿ ಉಳಿಯಲಿಲ್ಲ. ರೆವರೆಂಡ್ ಉತ್ತಂಗಿ ಚನ್ನಪ್ಪನವರು ಹಸ್ತಪ್ರತಿಗಳನ್ನೂ ಜನರ ಬಾಯಲ್ಲಿದ್ದ ವಚನಗಳನ್ನೂ ಕಲೆಹಾಕಿ 1924ರಲ್ಲಿ 'ಸರ್ವಜ್ಞನ ವಚನಗಳು' ಪ್ರಕಟಿಸಿದರು. ಪಾಠಾಂತರಗಳ ಈ ರಾಶಿಯಲ್ಲಿ ಮೂಲ ಯಾವುದೆಂದು ನಿರ್ಧರಿಸಲು ವಿದ್ವಾಂಸರಿಗೆ ಉಳಿದದ್ದು ಊಹೆಯ ದಾರಿ ಮಾತ್ರ.

ಗಣಕ ತಂತ್ರಾಂಶಕ್ಕೂ ಇದೇ ತೊಡಕು ಎದುರಾಯಿತು. ಒಂದೇ ಬರಹವನ್ನು ಹಲವರು ತಿದ್ದುವಾಗ ಪ್ರತಿ ಬದಲಾವಣೆಯ ಲೆಕ್ಕವಿಡುವ ವ್ಯವಸ್ಥೆಯನ್ನು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮಾರ್ಕ್ ರಾಚ್‌ಕೈಂಡ್ 1972ರಲ್ಲಿ ರೂಪಿಸಿದರು. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಬರೆದ 'ಗಿಟ್' ಇಂದು ಎಲ್ಲೆಡೆ ಬಳಕೆಯಲ್ಲಿದೆ.

ಇದರ ಪ್ರಯೋಜನ ಚೆನ್ನಾಗಿ ಕಾಣುವುದು 1993ರಲ್ಲಿ ಆರಂಭವಾದ 'ಡೆಬಿಯನ್'ನಂತಹ ಯೋಜನೆಗಳಲ್ಲಿ. ಬೇರೆಯವರು ಬರೆದ ತಂತ್ರಾಂಶವನ್ನು ಪಡೆದು, ಬಳಕೆದಾರರ ಗಣಕಕ್ಕೆ ಹೊಂದುವಂತೆ ಕಟ್ಟಿಕೊಡುವುದು ಅಲ್ಲಿನ ಸ್ವಯಂಸೇವಕರ ಕೆಲಸ. 'ಗುಬ್ಬಿ', 'ನವಿಲು' ಎಂಬ ಕನ್ನಡ ಫಾಂಟುಗಳೂ ಹೀಗೆಯೇ ಓದುಗರಿಗೆ ತಲುಪುತ್ತವೆ. ಮೂಲ ಲೇಖಕರು ಕೊಟ್ಟ ಪ್ರತಿಯ ಮೇಲೆ ನೇರವಾಗಿ ಗೀಚುವುದಿಲ್ಲ. ತಿದ್ದುಪಡಿಗಳನ್ನು ಬೇರೆ ಕಡತಗಳಲ್ಲಿ ಇಡುತ್ತಾರೆ. ಜೊತೆಗಿರುವ ದಾಖಲೆಯಲ್ಲಿ ಆವೃತ್ತಿಯ ಸಂಖ್ಯೆ, ಏನು ಬದಲಾಯಿತೆಂಬ ವಿವರ, ಹೊಣೆ ಹೊತ್ತವರ ಹೆಸರು ಮತ್ತು ದಿನಾಂಕ ಇರುತ್ತವೆ. ತಿದ್ದುಪಡಿಗಳನ್ನು ಕಳಚಿದರೆ ಮೂಲ ಹಾಗೆಯೇ ಸಿಗುತ್ತದೆ. ತಪ್ಪು ನುಸುಳಿದರೆ ಯಾವ ಹಂತದಲ್ಲಿ ಎಂದು ಹುಡುಕಬಹುದು.

ಸರ್ವಜ್ಞನ ವಚನಗಳು ಈಗ ಓಲೆಗರಿ ಬಿಟ್ಟು ಮೊಬೈಲಿಗೆ ಬಂದಿವೆ. ಒಬ್ಬರು ಕಳಿಸಿದ್ದನ್ನು ಇನ್ನೊಬ್ಬರು ತಿದ್ದಿ ಮುಂದಕ್ಕೆ ದಾಟಿಸುವುದು ಹಿಂದಿಗಿಂತ ಸುಲಭ. ಹಳೆಯ ಲಿಪಿಕಾರರಿಗೆ ತಿದ್ದುಪಡಿಯ ಲೆಕ್ಕವಿಡುವ ಸಾಧನವಿರಲಿಲ್ಲ. ಇಂದು ಪ್ರಾಚೀನ ಪಠ್ಯಗಳನ್ನು ಗಣಕಕ್ಕೆ ಏರಿಸುವವರ ಬಳಿ ಅದಿದೆ. ಯಾವ ಹಸ್ತಪ್ರತಿಯಿಂದ ತೆಗೆದದ್ದು, ಎಲ್ಲಿ ತಿದ್ದಿದ್ದು ಎಂದು ಅವರು ದಾಖಲಿಸಿದರೆ ಮುಂದಿನ ಸಂಪಾದಕರಿಗೆ ಊಹೆಯ ಹೊರೆಯಾದರೂ ತಗ್ಗುತ್ತದೆ.