ಪಾಯಖಾನೆ ಒಳಮನೆಗೆ ಬಂದ ದಾರಿ

ನಾಗಪುರದ ಸೀತಾಬರ್ಡಿಯ ಪಕ್ಕದ ರಾಮದಾಸಪೇಠ್ ಒಂದು ಕಾಲಕ್ಕೆ ಬಂಗಲೆಗಳ ಬಡಾವಣೆ. ಈಗ ಅಲ್ಲಿ ಅಪಾರ್ಟ್‌ಮೆಂಟುಗಳೂ ಆಸ್ಪತ್ರೆಗಳೂ ಎದ್ದಿವೆ. ಇಂಥ ಬಡಾವಣೆಗಳಲ್ಲಿ ಹಳೆಯ ಬಚ್ಚಲುಮನೆಯನ್ನು ಒಡೆದು ಹೊಸದು ಮಾಡಲು ಹೊರಟವರಿಗೆ ಮೊದಲು ಬರುವ ಯೋಚನೆ, ಕಮೋಡನ್ನು ಈ ಮೂಲೆಯಿಂದ ಆ ಮೂಲೆಗೆ ಸರಿಸಿದರೆ ಎಷ್ಟು ಜಾಗ ಸಿಗುತ್ತದೆ ಎಂಬುದು. ಮೇಸ್ತ್ರಿಯನ್ನು ಕರೆಯದೆ ತಾವೇ ಕೈಹಾಕುವವರೂ ಈಗ ಇದ್ದಾರೆ. ಮನೆ ನಮ್ಮದು, ಕಮೋಡು ನಮ್ಮದು, ಎಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದು ಎಂದು ಅನ್ನಿಸುವುದು ಸಹಜ. ಆದರೆ ನಮ್ಮ ಊರುಗಳ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಪಾಯಖಾನೆಯ ಜಾಗವನ್ನು ಮನೆಯೊಡೆಯನ ಇಷ್ಟವೊಂದೇ ಎಂದೂ ನಿರ್ಧರಿಸಿಲ್ಲ. ಅಲ್ಲಿಂದ ಹೊರಬೀಳುವುದನ್ನು ಯಾರು ಹೊತ್ತೊಯ್ಯಬೇಕು, ಯಾವ ದಾರಿಯಲ್ಲಿ ಒಯ್ಯಬೇಕು ಎಂಬುದೇ ಅದನ್ನು ನಿರ್ಧರಿಸುತ್ತ ಬಂದಿದೆ.

ಇದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಬೆಂಗಳೂರಿನಲ್ಲಿದೆ. 1898ರ ಪ್ಲೇಗಿನ ನಂತರ ಬೆಳೆದ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮನೆಗಳ ಬೆನ್ನಿಗೆ ಕಿರಿದಾದ ಓಣಿಗಳಿವೆ. ಕನ್ಸರ್ವೆನ್ಸಿ ಗಲ್ಲಿ ಎಂದು ಅವುಗಳಿಗೆ ಹೆಸರು. ಮುಂದಿನ ರಸ್ತೆ ಮನೆಯವರಿಗೆ, ಹಿಂದಿನ ಗಲ್ಲಿ ಮಲ ಹೊರುವವರಿಗೆ. ಆ ಕಾಲದ ಒಣ ಪಾಯಖಾನೆಯಲ್ಲಿ ಕಾಲಿಡಲು ಎರಡು ಕಲ್ಲು, ನಡುವೆ ಒಂದು ತೂತು, ಅದರ ಕೆಳಗೆ ತಗಡಿನ ಡಬ್ಬಿ ಅಥವಾ ಬುಟ್ಟಿ. ಹಿಂಗೋಡೆಯಲ್ಲಿ, ನೆಲಮಟ್ಟಕ್ಕೆ, ಒಂದು ಪುಟ್ಟ ಬಾಗಿಲು. ಬೆಳಗಾಗುವ ಮುನ್ನ ಗಲ್ಲಿಯಲ್ಲಿ ಬಂದವರು ಆ ಬಾಗಿಲು ತೆರೆದು ಡಬ್ಬಿ ಎಳೆದುಕೊಂಡು ಹೋಗಬೇಕು. ಪಾಯಖಾನೆ ಹಿತ್ತಿಲಿನ ಕಟ್ಟಕಡೆಯ ಗೋಡೆಗೆ ಅಂಟಿಕೊಂಡಿದ್ದು ಈ ಬಾಗಿಲಿಗಾಗಿ. ಹತ್ತಡಿ ಮನೆಯ ಕಡೆಗೆ ಸರಿಸಿದ್ದರೂ ಹೊರುವವರು ಅಂಗಳಕ್ಕೆ ಕಾಲಿಡಬೇಕಾಗುತ್ತಿತ್ತು.

ಇಲ್ಲೊಂದು ಆಕ್ಷೇಪ ಬರುತ್ತದೆ. ಪಾಯಖಾನೆಯನ್ನು ದೂರ ಇಟ್ಟದ್ದು ಮಡಿ-ಮೈಲಿಗೆಯ ನಂಬಿಕೆಯೇ ಹೊರತು ಹೊರುವವರ ಅನುಕೂಲವಲ್ಲ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಅಡುಗೆಮನೆ, ದೇವರಮನೆಗಳಿಂದ ಅದನ್ನು ದೂರ ಇಡಬೇಕೆಂಬ ಕಟ್ಟುನಿಟ್ಟು ನಿಜವಾಗಿಯೂ ಇತ್ತು. ಆದರೆ ಅದೇ ಮನೆತನಗಳು ಒಂದೆರಡು ತಲೆಮಾರಿನೊಳಗೆ ಮಲಗುವ ಕೋಣೆಗೇ ತಾಗಿದಂತೆ ಅಟ್ಯಾಚ್ಡ್ ಬಾತ್‌ರೂಮು ಕಟ್ಟಿಸಿಕೊಂಡವು. ಈ ನಡುವೆ ಶಾಸ್ತ್ರ ಬದಲಾಗಲಿಲ್ಲ, ಪೈಪು ಬಂತು. ಮೈಲಿಗೆಯ ನಂಬಿಕೆ ಮಾಡಿದ್ದು ಇನ್ನೂ ಕ್ರೂರವಾದ ಕೆಲಸ: ಯಾರು ಹೊರಬೇಕೆಂದು ಹುಟ್ಟಿನಿಂದಲೇ ಗೊತ್ತುಮಾಡಿತು. ಅವರು ಹೊಸ್ತಿಲು ದಾಟಕೂಡದೆಂದ ಮೇಲೆ ಪಾಯಖಾನೆ ಗಲ್ಲಿಯ ಅಂಚಿಗೆ ಹೋಗಲೇಬೇಕಾಯಿತು. ಇನ್ನೂ ಹಿಂದಿನ ಉದಾಹರಣೆ ಬೇಕಿದ್ದರೆ ಮೊಹೆಂಜೊದಾರೊ ಇದೆ. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಅಲ್ಲಿಯ ಎಷ್ಟೋ ಮನೆಗಳ ಒಳಗೇ ಪಾಯಖಾನೆಗಳಿದ್ದವು, ಏಕೆಂದರೆ ಬೀದಿಯಲ್ಲಿ ಇಟ್ಟಿಗೆಯ ಚರಂಡಿ ಇತ್ತು.

ಪಾಯಖಾನೆಯನ್ನು ಒಳಮನೆಗೆ ತರುವ ಶಕ್ತಿಯನ್ನು ಪೈಪಿಗೆ ಕೊಟ್ಟದ್ದು ಒಂದು ಸಣ್ಣ ಬಾಗು. 1775ರಲ್ಲಿ ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ ಎಸ್ ಆಕಾರದ ಬಾಗಿಗೆ ಪೇಟೆಂಟ್ ಪಡೆದ. ಆ ಬಾಗಿನಲ್ಲಿ ಸದಾ ನಿಲ್ಲುವ ಎರಡಂಗುಲ ನೀರು ಚರಂಡಿಯ ಗಾಳಿಯನ್ನು ಮನೆಯೊಳಕ್ಕೆ ಬಿಡುವುದಿಲ್ಲ. ಆದರೆ ಊರಿಗೆ ಒಳಚರಂಡಿ ಬರುವ ಮೊದಲೇ ಲಂಡನ್ನಿನ ಮನೆಗಳಿಗೆ ಇಂಥ ಪಾಯಖಾನೆಗಳು ಬಂದವು. ಎಲ್ಲವೂ ಥೇಮ್ಸ್ ನದಿಗೆ ಸೇರಿ, 1858ರ ಬೇಸಿಗೆಯಲ್ಲಿ ಪಾರ್ಲಿಮೆಂಟಿನವರೇ ದುರ್ನಾತಕ್ಕೆ ತತ್ತರಿಸಿದ ಮೇಲೆಯೇ ಬಜಾಲ್ಜೆಟ್ ಎಂಬ ಎಂಜಿನಿಯರ್ ಕೈಗೆ ಒಳಚರಂಡಿಯ ಕೆಲಸ ಬಂದದ್ದು. ನಾಗಪುರದ ಕಥೆಯೂ ಇದಕ್ಕಿಂತ ತೀರ ಬೇರೆಯಲ್ಲ. 1864ರಲ್ಲಿ ಪುರಸಭೆ ಬಂತು, ಅಂಬಾಝರಿ ಕೆರೆಯಿಂದ ನೀರು ಬಂತು, 1936ರ ಕಾಯ್ದೆಯ ಮೇಲೆ ನಾಗಪುರ ಸುಧಾರಣಾ ಟ್ರಸ್ಟ್ ಹುಟ್ಟಿತು. ಮನೆಗಳು ಕೊಳಕನ್ನು ಸುಲಭವಾಗಿ ಹೊರದಬ್ಬತೊಡಗಿದವು, ಊರಿಗೆ ಹೆಸರು ಕೊಟ್ಟ ನಾಗ್ ನದಿ ಕೊಳಚೆಯ ಕಾಲುವೆಯಾಯಿತು. ಭಾಂಡೇವಾಡಿಯಲ್ಲಿ ಕೊಳಚೆನೀರನ್ನು ಶುದ್ಧೀಕರಿಸಿ ಕೊರಾಡಿಯ ವಿದ್ಯುತ್ ಸ್ಥಾವರಕ್ಕೆ ಕೊಡುವ ವ್ಯವಸ್ಥೆ ಬಂದದ್ದು ತೀರ ಈಚೆಗೆ.

ಈ ಹಿನ್ನೆಲೆಯಲ್ಲಿ ಕಮೋಡು ಸರಿಸುವ ಕೆಲಸವನ್ನು ಹತ್ತಿರದಿಂದ ನೋಡಬೇಕು. ಸರಿಸುವುದು ಪಿಂಗಾಣಿಯ ಪಾತ್ರೆಯನ್ನಲ್ಲ, ಅದರಡಿಯ ನಾಲ್ಕಂಗುಲದ ಪೈಪನ್ನು. ಆ ಪೈಪಿಗೆ ವಾಟ, ಅಂದರೆ ಇಳಿಜಾರು, ಬೇಕು. ನಲವತ್ತಕ್ಕೆ ಒಂದರ ಲೆಕ್ಕದಲ್ಲಿ, ಕಮೋಡು ಮೂರು ಮೀಟರ್ ದೂರ ಹೋದರೆ ಪೈಪು 75 ಮಿಲಿಮೀಟರ್ ಕೆಳಗಿಳಿಯಬೇಕು. ಬಚ್ಚಲಿನಡಿ ತಗ್ಗಿಸಿ ಹಾಕಿದ ಸಂಕನ್ ಸ್ಲ್ಯಾಬ್ ಇದ್ದರೆ ಅಷ್ಟು ಆಳ ಸಿಗುತ್ತದೆ. ಇಲ್ಲದಿದ್ದರೆ ಬಚ್ಚಲಿನ ನೆಲ ಎತ್ತರಿಸಬೇಕು, ಇಲ್ಲವೇ ಕೆಳಗಿನ ಮನೆಯವರ ಸೂರಿನಲ್ಲಿ ಪೈಪು ನೇತಾಡಬೇಕು. ವಾಟ ಸಾಲದಿದ್ದರೆ ನೀರು ಮುಂದೆ ಹೋಗಿ ಗಟ್ಟಿ ಪದಾರ್ಥ ಹಿಂದೆ ಉಳಿಯುತ್ತದೆ. ಗಾಳಿಕೊಳವೆ ಇಲ್ಲದೆ ಪೈಪು ಉದ್ದವಾದರೆ, ಫ್ಲಶ್ಶಿನ ರಭಸ ಬಾಗಿನ ನೀರನ್ನೇ ಎಳೆದುಕೊಂಡು ಹೋಗಿ ವಾಸನೆ ಒಳನುಗ್ಗುತ್ತದೆ. ಹಿಂಗೋಡೆಯ ಪುಟ್ಟ ಬಾಗಿಲು ಹಿಂದೆ ಹಾಕಿದ್ದ ಷರತ್ತನ್ನೇ ಇಂದು ಈ ಪೈಪು ಹಾಕುತ್ತಿದೆ.

ಒಪ್ಪೋಣ, ಆದರೆ ಹೊರುವ ಮನುಷ್ಯನ ಕಷ್ಟವಂತೂ ಮುಗಿಯಿತಲ್ಲ, ಉಳಿದದ್ದು ಬರೀ ಪ್ಲಂಬಿಂಗ್ ಅಲ್ಲವೇ ಎಂದು ಕೇಳಬಹುದು. ದುಃಖದ ಸಂಗತಿಯೆಂದರೆ ಅದು ಮುಗಿದಿಲ್ಲ. ತಲೆಯ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲೇ ಕರ್ನಾಟಕದಲ್ಲಿ ನಿಷೇಧಿಸಿದವರು ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ. ಹಾಗಿದ್ದೂ 2010ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ಸವಣೂರಿನ ಭಂಗಿ ಸಮುದಾಯದವರು ತಮ್ಮ ಗೋಳನ್ನು ಯಾರೂ ಕೇಳದೆ, ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಒಣ ಪಾಯಖಾನೆಯನ್ನು ನಿಷೇಧಿಸುವ ಕೇಂದ್ರದ ಕಾಯ್ದೆ 1993ರಲ್ಲಿ ಬಂತು. 2013ರ ಕಾಯ್ದೆ, ರಕ್ಷಣೆಯಿಲ್ಲದೆ ಮನುಷ್ಯರನ್ನು ಚರಂಡಿಗೂ ಮಲದ ಗುಂಡಿಗೂ ಇಳಿಸುವುದನ್ನು ಅಪರಾಧವಾಗಿಸಿತು. ಆದರೂ ಸಾವುಗಳು ನಿಲ್ಲದ್ದರಿಂದಲೇ 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಸತ್ತವರ ಕುಟುಂಬಕ್ಕೆ ಕೊಡುವ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಮ್ಯಾನ್‌ಹೋಲಿಗೆ ಇಳಿಯುವವರಲ್ಲಿ ಹೆಚ್ಚಿನವರು ಹಿಂದೆ ಆ ಕನ್ಸರ್ವೆನ್ಸಿ ಗಲ್ಲಿಗಳಲ್ಲಿ ನಡೆದವರಂತೆಯೇ ದಲಿತ ಸಮುದಾಯಗಳವರು. 1956ರ ಅಕ್ಟೋಬರ್ 14ರಂದು ಅಂಬೇಡ್ಕರರು ಲಕ್ಷಾಂತರ ಜನರೊಂದಿಗೆ ಬೌದ್ಧ ಧರ್ಮ ಸ್ವೀಕರಿಸಿದ ದೀಕ್ಷಾಭೂಮಿ ರಾಮದಾಸಪೇಠದ ಸಮೀಪದಲ್ಲೇ ಇದೆ. ಹುಟ್ಟಿಗೆ ಕೆಲಸವನ್ನು ಕಟ್ಟಿಹಾಕಿದ ವ್ಯವಸ್ಥೆಗೆ ಬೆನ್ನು ತಿರುಗಿಸಿದ ಆ ನೆಲದ ನೆರೆಯಲ್ಲಿ ಪೈಪು ಕಟ್ಟಿಕೊಂಡರೆ ಯಾರನ್ನು ಕರೆಯುತ್ತೇವೆ ಎಂಬುದು ಸಣ್ಣ ಪ್ರಶ್ನೆಯಲ್ಲ.

ನಾಗಪುರಕ್ಕೆ ಹತ್ತಿರದ ಸೇವಾಗ್ರಾಮದಲ್ಲಿ 1936ರಿಂದ ನೆಲೆಸಿದ ಗಾಂಧೀಜಿ, ಆಶ್ರಮದ ಪಾಯಖಾನೆಯನ್ನು ಆಶ್ರಮವಾಸಿಗಳೇ ತೊಳೆಯಬೇಕೆಂದರು. ನಮ್ಮ ಕೆಲಸವನ್ನು ನಾವೇ ಮಾಡಿಕೊಳ್ಳುವುದೆಂದರೆ ಅದರ ಕೊನೆಯ ತನಕದ ಹೊಣೆ ಹೊರುವುದು ಎಂಬ ಅರ್ಥ ಅಲ್ಲಿತ್ತು. ಬಚ್ಚಲನ್ನು ಸ್ವಂತ ಕೈಯಿಂದ ಹೊಸದು ಮಾಡುವವರಿಗೂ ಹೇಳಬೇಕಾದ್ದು ಇಷ್ಟೇ. ಟೈಲ್ಸ್ ಆರಿಸುವ ಮೊದಲು ಹಳೆಯ ಪೈಪು ಹೊರಗಿನ ಚೇಂಬರಿನವರೆಗೆ ಹೇಗೆ ಹೋಗಿದೆಯೆಂದು ಪತ್ತೆಮಾಡಿ. ವಾಟ ಅಳೆಯಿರಿ, ಆಳ ಸಾಲದಿದ್ದರೆ ಕಮೋಡು ಇದ್ದಲ್ಲೇ ಇರಲಿ. ಕಟ್ಟಿಕೊಂಡಾಗ ಯಂತ್ರವನ್ನು ತರಿಸಿ, ಯಾವ ಕಾರಣಕ್ಕೂ ಮನುಷ್ಯನನ್ನು ಗುಂಡಿಗೆ ಇಳಿಸಬೇಡಿ.